ಅಪ್ಪಣೆ

ದೇವಿಯ ಮುಂದೆ ಕುನ್‌ಶಾನ್ ಎಸೆದ ಕೆಂಪು ಮರದ ತುಂಡುಗಳೆರಡೂ ಮಕಾಡೆ ಬಿದ್ದವು. ಬೇಡ ಎಂದರ್ಥ.

"ನೋಡಿದೆಯಾ ಅಣ್ಣ?" ಎಂದಳು ಬೀಶಿಯಾ. "ಕ್ಯಾನ್ಸರ್ ಅನ್ನೋದನ್ನ ಅಪ್ಪನ ಹತ್ತಿರ ಮುಚ್ಚಿಡಬೇಡ ಅಂತ ನಿನ್ನ ಕಡಲದೇವಿ ಮಾಝುವೇ ಹೇಳಿಯಾಯ್ತು. ನಡಿ ಆಸ್ಪತ್ರೆಗೆ."

"ನಾನು ಕೇಳಿದ ರೀತಿ ಸರಿಯಿರಲಿಲ್ಲ." ಕುನ್‌ಶಾನ್ ಅರ್ಧಚಂದ್ರದಂಥ ಆ ತುಂಡುಗಳನ್ನು ಹೆಕ್ಕಿ ಹಣೆಗೊತ್ತಿಕೊಂಡ. "ಅಮ್ಮಾ, ಈ ಚಳಿಗಾಲ ಕಳೆಯೋ ತನಕ ಮಾತ್ರ ಹೇಳದೆ ಇದ್ದರೆ ಆದೀತಾ?"

ಈ ಸಲ ಎರಡೂ ಅಂಗಾತ ಬಿದ್ದವು. ದೇವಿ ಉತ್ತರ ಕೊಡದೆ ನಗುತ್ತಿದ್ದಾಳೆ ಎಂದರ್ಥ.

"ನಗದೆ ಇನ್ನೇನು ಮಾಡ್ತಾಳೆ?"

"ನೀನು ಬಾಯಿ ಮುಚ್ಚು. ದೇವರೇ ಇಲ್ಲ ಅನ್ನೋಳು!"

"ಇಲ್ಲ ಅಂದಿಲ್ಲ, ಗೊತ್ತಿಲ್ಲ ಅಂದೆ. ಇದ್ದರೆ ಪಾಪ, ನಿನ್ನ ಕಾಟ ಹೇಗೆ ತಡ್ಕೋತಾಳೋ!"

ಬೇರೆ ರೀತಿ ಕೇಳಬೇಕೆಂದು ಕುನ್‌ಶಾನ್ ತುಂಡುಗಳನ್ನು ಮತ್ತೆ ಹೆಕ್ಕಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ: "ಅಮ್ಮಾ, ನಮ್ಮಪ್ಪ ನೆಮ್ಮದಿಯಾಗಿರಲಿ ಅಂತ ನಿನ್ನ ಮನಸ್ಸಲ್ಲೂ ಇದೆ ತಾನೇ?"

ಒಂದು ಮಕಾಡೆ, ಒಂದು ಅಂಗಾತ. ಒಪ್ಪಿಗೆ. ಕುನ್‌ಶಾನ್ ಕಣ್ಣೊರೆಸಿಕೊಂಡು ಅಡ್ಡಬಿದ್ದ. ಅಣ್ಣ ತಂಗಿ ಬಂದರಿನುದ್ದಕ್ಕೂ ನಡೆದು ಆಸ್ಪತ್ರೆ ಸೇರಿದರು.

ಅಪ್ಪ ಗಂಜಿಯ ಬಟ್ಟಲನ್ನು ಮುಟ್ಟದೆ ಕೂತಿದ್ದ. "ಹೊಟ್ಟೆಯಲ್ಲಿ ಏನಿದೆಯಂತೆ? ಕೆಟ್ಟದ್ದಾದರೆ ಈಗಲೇ ಹೇಳಿಬಿಡಿ. ನಾಳೆಯೇ ದೋಣಿ ಹತ್ತಿ ಪೆಂಗ್‌ಹು ದ್ವೀಪಕ್ಕೆ ಹೋಗ್ತೀನಿ. ನನ್ನ ತಮ್ಮನ ಜೊತೆ ಮಾತು ಬಿಟ್ಟು ಎಷ್ಟು ವರ್ಷವಾಯ್ತೋ. ಸಾಯೋ ಮೊದಲು ಅವನ ಮುಖ ನೋಡಬೇಕು."

ಕುನ್‌ಶಾನ್ ಬಾಯಿ ತೆರೆದ. ದೇವಿಯೇ ಒಪ್ಪಿದ್ದ ಸುಳ್ಳನ್ನು ಹೇಳಲಾಗಲಿಲ್ಲ. ಕಿಟಕಿಯ ಬಳಿ ಹೋಗಿ, ಸರಿಯಾಗಿಯೇ ಇದ್ದ ಪರದೆಯನ್ನು ಸರಿಪಡಿಸತೊಡಗಿದ.

ಅಪ್ಪ ಮಗಳ ಕಡೆ ತಿರುಗಿದ. ಬೀಶಿಯಾ ನಿಜ ಹೇಳಲೆಂದೇ ಬಂದಿದ್ದಳು. ಅಷ್ಟರಲ್ಲಿ ಅಪ್ಪನ ಕೆಳದುಟಿ ಕಣ್ಣಿಗೆ ಬಿತ್ತು. ಚಂಡಮಾರುತದಲ್ಲೂ ದೋಣಿ ನಡೆಸಿದ ಮನುಷ್ಯ. ಆ ತುಟಿ ಅದುರುವುದನ್ನು ಅವಳು ಎಂದೂ ಕಂಡಿರಲಿಲ್ಲ.

"ಹುಣ್ಣು ಅಪ್ಪ," ಎಂದಳು. "ಬರೀ ಹುಣ್ಣು. ಮಾತ್ರೆಗೆ ವಾಸಿಯಾಗುತ್ತಂತೆ."

ಯಾರನ್ನೂ ಕೇಳದೆ ಬಂದ ಮಾತು. ಕಿಟಕಿಯ ಬಳಿ ಅಣ್ಣನ ಕೈ ನಿಂತುಹೋಯಿತು.

ಅಪ್ಪ ದೀರ್ಘವಾಗಿ ಉಸಿರು ಬಿಟ್ಟು ದಿಂಬಿಗೊರಗಿದ. "ಹಾಗಾದರೆ ಅವಸರವೇನಿಲ್ಲ. ಕಡಲು ಶಾಂತವಾಗಲಿ, ವಸಂತದಲ್ಲಿ ಹೋದರಾಯ್ತು." ಗಂಜಿಯ ಬಟ್ಟಲು ಹತ್ತಿರ ಎಳೆದುಕೊಂಡು, ಮಗಳ ಕೈ ತಟ್ಟಿದ. "ನಿಮ್ಮಣ್ಣ ಹೇಳಿದ್ದರೆ ನಾನು ನಂಬ್ತಿರಲಿಲ್ಲ ಮಗಳೇ. ಅವನು ಸುಳ್ಳು ಹೇಳಿದರೂ ಗುಡಿಗೆ ಹೋಗಿ ತಪ್ಪಾಯ್ತು ಅಂತ ಅಡ್ಡಬಿದ್ದು ಬರ್ತಾನೆ. ದೇವರನ್ನೇ ನಂಬದ ನೀನು ಸುಳ್ಳು ಹೇಳಿದರೆ ಕ್ಷಮಿಸೋಕೆ ಯಾರಿದ್ದಾರೆ?"