ಮೈಕಿನಲ್ಲಿ ಕರೆದ ಹೆಸರು

ಫೈನಲ್ ಶುರುವಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಕಾಲೇಜು ತಂಡದಲ್ಲಿ ಎಡಬದಿಗೆ ಆಡುವ ಹುಡುಗನ ತಾಯಿ ಏಣಿ ಹತ್ತಿ ಕಾಮೆಂಟರಿ ಅಟ್ಟಣೆಗೆ ಬಂದವಳೇ ಟೈಲರ್ ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ಕುಳಿತುಬಿಟ್ಟಳು. ಆ ಪುಟ್ಟ ಕಾಲೇಜಿನ ಫುಟ್‌ಬಾಲ್ ಪಂದ್ಯಗಳಿಗೆ ಮೈಕು ಹಿಡಿಯುವವನು ಟೈಲರೇ. ವಾರವಿಡೀ ತುಟಿಗೆ ಗುಂಡುಸೂಜಿ ಕಚ್ಚಿಕೊಂಡು ಪ್ಯಾಂಟಿನ ಅಂಚು ಮಡಚುವ ಆಸಾಮಿ, ಪಂದ್ಯದ ದಿನ ಮಾತ್ರ ಇಡೀ ಮೈದಾನವನ್ನು ಮಾತಿನಲ್ಲೇ ಕುಣಿಸುತ್ತಿದ್ದ.

"ಅಣ್ಣಾ, ಇವತ್ತು ಆ ಹೆಸರು ಕರೀಬೇಡಿ," ಎಂದಳು.

ಯಾವ ಹೆಸರೆಂದು ಟೈಲರ್ ಕೇಳಲಿಲ್ಲ. ಅವಳ ದೊಡ್ಡ ಮಗನಿಗೆ 'ರಾಕೆಟ್' ಎಂದು ಹೆಸರಿಟ್ಟವನೇ ಅವನು. ಎಡಬದಿಯ ಸುಣ್ಣದ ಗೆರೆ ಹಿಡಿದು ರಾಕೆಟ್ ಓಡಿದನೆಂದರೆ ಹಿಂದಟ್ಟುವವರು ಅರ್ಧದಲ್ಲೇ ಕೈಚೆಲ್ಲಿ ನಿಲ್ಲುತ್ತಿದ್ದರು. ಹೋದ ವರ್ಷ ಅದೇ ಗೆರೆಯ ಮೇಲೆ ಓಡುತ್ತ ಓಡುತ್ತಲೇ ಎದೆ ಹಿಡಿದುಕೊಂಡು ಬಿದ್ದವನು ಮತ್ತೆ ಏಳಲಿಲ್ಲ. ಈ ವರ್ಷ ಅವನ ಜಾಗಕ್ಕೆ ತಮ್ಮ ಬಂದಿದ್ದ. ಒಳ್ಳೆಯ ಹುಡುಗ, ಓಟ ಮಾತ್ರ ದೇವರಿಗೇ ಪ್ರೀತಿ. ಜೊತೆಯವರು ಅವನನ್ನು 'ಗೂಡ್ಸ್ ಗಾಡಿ' ಎಂದೇ ಕರೆಯುತ್ತಿದ್ದರು.

ಎಡವಟ್ಟಾದದ್ದು ಈ ಸಲದ ಮೊದಲ ಪಂದ್ಯದಲ್ಲಿ. ತಮ್ಮನ ಕಾಲಿಗೆ ಚೆಂಡು ಸಿಕ್ಕಿತು. ಅದೇ ಗೆರೆ, ಅದೇ ಮೈಕಟ್ಟು. ಹಳೆಯ ಅಭ್ಯಾಸ ನೋಡಿ, ಟೈಲರ್ ಬಾಯಿಂದ "ಬಂದ ಬಂದ ರಾಕೆಟ್!" ಎಂದು ಬಂದೇಬಿಟ್ಟಿತು. ಮೈಕಿಗೆ ಅಂಗೈ ಅಡ್ಡ ಹಿಡಿದು ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಹುಡುಗ ಗೋಲಿನ ಮುಂದಿದ್ದ. ಆ ಓಟ ಅವನದಲ್ಲ. ಎಡ ಭುಜ ತಗ್ಗಿಸಿ ಓಡುತ್ತಿದ್ದವನು ಅಣ್ಣ. ಅವನ ಜೆರ್ಸಿಗೆ ಆ ಭುಜದಲ್ಲಿ ಬಟ್ಟೆ ಸ್ವಲ್ಪ ಹಿಡಿದು ಹೊಲಿಯುತ್ತಿದ್ದದ್ದು ಟೈಲರ್‌ಗೆ ಚೆನ್ನಾಗಿ ನೆನಪಿತ್ತು. ಆದರೆ ಜನ ಎದ್ದು ನಿಂತು ಕೇಕೆ ಹಾಕಿದಾಗ ಅವನೂ ಹಿಗ್ಗಿ ಹೀರೇಕಾಯಿಯಾದ. ಮುಂದಿನ ಪಂದ್ಯದಲ್ಲಿ ಬೇಕೆಂದೇ ಕರೆದ. ಅದರ ಮುಂದಿನದರಲ್ಲೂ ಕರೆದ. ಎಂದೂ ಫೈನಲ್ ಮುಖ ಕಾಣದ ಕಾಲೇಜು ಫೈನಲ್‌ಗೆ ಬಂದು ನಿಂತಿತು.

"ಮನೇಲಿ ಈಗ 'ಪುಟ್ಟೂ' ಅಂದ್ರೆ ತಿರುಗಿ ನೋಡಲ್ಲ ಅಣ್ಣಾ," ಎಂದಳು ತಾಯಿ. "ಎಡಗೈಯಲ್ಲಿ ಬರೀತಾನೆ. ದೊಡ್ಡವನ ಶೂ ಇವನಿಗೆ ದೊಗಳೆ ಆಗ್ತಿತ್ತು, ಈಗ ಸರಿಹೋಗ್ತಿದೆ. ಬೆಳಿಗ್ಗೆ ಎದೆ ಹಿಡ್ಕೊಂಡು ಕೂತಿದ್ದ. ಏನಪ್ಪಾ ಅಂದ್ರೆ, 'ಏನಿಲ್ಲಮ್ಮ, ಸ್ವಲ್ಪ ಓಡಿದ್ರೆ ಸರಿಹೋಗತ್ತೆ' ಅಂದ. ದೊಡ್ಡವನು ಕೊನೇ ದಿನ ಹೇಳಿದ್ದೂ ಇದೇ ಮಾತು."

"ಕರೆಯಲ್ಲ ಕಣಮ್ಮ. ನನ್ನಾಣೆ, ಕರೆಯಲ್ಲ," ಎಂದ ಟೈಲರ್. ಹೇಳುವಾಗ ಅವನ ಮನಸ್ಸಿನಲ್ಲೂ ಅದೇ ಇತ್ತು.

ಆಟ ಮುಗಿಯುತ್ತ ಬರುವವರೆಗೂ ಮಾತು ಉಳಿಸಿಕೊಂಡ. ಎರಡೂ ಕಡೆ ಗೋಲಿಲ್ಲ. ಗೂಡ್ಸ್ ಗಾಡಿ ಏದುಸಿರು ಬಿಡುತ್ತ ಎಲ್ಲರಿಗಿಂತ ಹಿಂದೆ ಉಳಿಯುತ್ತಿತ್ತು. "ಏನ್ ಟೈಲರಣ್ಣಾ, ಬಾಯಿಗೇ ಹೊಲಿಗೆ ಹಾಕ್ಕೊಂಡ್ರಾ?" ಎಂದು ಕೆಳಗಿನಿಂದ ಯಾರೋ ಕೂಗಿದರು. ಆಗಲೇ ಚೆಂಡು ಉರುಳಿಕೊಂಡು ಬಂದು ಹುಡುಗನ ಕಾಲ ಬಳಿ ನಿಂತಿತು. ಮುಂದೆ ಯಾರೂ ಇಲ್ಲ, ಗೋಲ್‌ಕೀಪರ್ ಒಬ್ಬನೇ. ಹುಡುಗ ಓಡಲಿಲ್ಲ. ಕತ್ತೆತ್ತಿ ಅಟ್ಟಣೆಯನ್ನೇ ನೋಡುತ್ತ ನಿಂತ. ಕರೆಯಲಿ ಎಂದು ಕಾಯುತ್ತಿದ್ದ. ಟೈಲರ್‌ಗೆ ತಡೆದುಕೊಳ್ಳಲು ಆಗಲಿಲ್ಲ.

"ಬಂದ ಬಂದ ರಾಕೆಟ್!"

ಹುಡುಗನ ಎಡ ಭುಜ ತಗ್ಗಿತು. ಮರುಕ್ಷಣ ಗೆರೆಯ ಸುಣ್ಣ ಹೊಗೆಯಂತೆ ಎದ್ದಿತು. ಅಂಥ ಓಟವನ್ನು ಟೈಲರ್ ಅಣ್ಣನ ಕಾಲದಲ್ಲೂ ಕಂಡಿರಲಿಲ್ಲ. ಹಾಗೆ ಓಡುತ್ತಿರುವಾಗಲೇ ಹುಡುಗನ ಕೈ ಎದೆಗೆ ಹೋಯಿತು.

ತಾಯಿ ಮೈಕು ಕಿತ್ತುಕೊಂಡಳು. "ಪುಟ್ಟೂ! ನಿಲ್ಲೋ! ಅಮ್ಮ ಕರೀತಿದೀನಿ, ನಿಲ್ಲೋ ಪುಟ್ಟೂ!"

ಲೌಡ್‌ಸ್ಪೀಕರ್‌ಗಳೆಲ್ಲ ಒಟ್ಟಿಗೆ ಕಿರುಚಿದವು. ಹುಡುಗ ನಿದ್ದೆಯಿಂದ ಎಬ್ಬಿಸಿದವನ ಹಾಗೆ ಗಕ್ಕನೆ ನಿಂತ. ಸುತ್ತಲೂ ನೋಡಿ, ಅಲ್ಲೇ ಹುಲ್ಲಿನ ಮೇಲೆ ಕುಕ್ಕರಿಸಿ "ಅಮ್ಮಾ" ಎಂದು ಅಳತೊಡಗಿದ. ಚೆಂಡು ತನ್ನ ಪಾಡಿಗೆ ಆಚೆ ಹೋಯಿತು. ಜನ ತಲೆ ಚಚ್ಚಿಕೊಂಡು ಬಾಯಿಗೆ ಬಂದಂತೆ ಬೈದರು. ಬೈದುಕೊಳ್ಳಲಿ, ಹುಡುಗ ಉಳಿದನಲ್ಲ ಎಂದು ಟೈಲರ್‌ಗೆ ಹೋದ ಜೀವ ಬಂದಂತಾಯಿತು.

ಆದರೆ ಸುಣ್ಣದ ಪುಡಿ ಏಳುವುದು ನಿಂತಿರಲಿಲ್ಲ. ಕುಳಿತ ಹುಡುಗನನ್ನು ದಾಟಿ, ಯಾರೂ ಇಲ್ಲದ ಗೆರೆಯ ಮೇಲೆ, ಹೆಜ್ಜೆಗೊಂದರಂತೆ ಬಿಳಿ ಪುಡಿ ಎದ್ದೆದ್ದು ಮುಂದೆ ಸಾಗುತ್ತಿತ್ತು. ಕಾಲೇಜಿನ ಮಾಳಿಗೆಯ ಬಾವುಟ ಜೋತುಬಿದ್ದಿತ್ತು. ಗಾಳಿಯ ಸುಳಿವೇ ಇರಲಿಲ್ಲ. ಪುಡಿ ಮೂಲೆ ಮುಟ್ಟಿತು, ಅಲ್ಲಿ ನೆಟ್ಟಿದ್ದ ಪುಟ್ಟ ಧ್ವಜ ಬಾಗಿ ಎದ್ದಿತು. ಆಮೇಲೆ ಗೆರೆಗುಂಟ ವಾಪಸ್ಸು ಬರತೊಡಗಿತು.

ಬೈಯುವ ಭರದಲ್ಲಿದ್ದ ಜನ ಅತ್ತ ನೋಡಲಿಲ್ಲ. ಟೈಲರ್ ಪಕ್ಕಕ್ಕೆ ತಿರುಗಿದ. ತಾಯಿಯೂ ಆ ಗೆರೆಯನ್ನೇ ನೋಡುತ್ತಿದ್ದಳು. ಮೈಕು ಇನ್ನೂ ಅವಳ ಕೈಯಲ್ಲಿತ್ತು. ಈ ಸಲ ಅವಳು ಕೂಗಲಿಲ್ಲ, ಮನೆಯ ಬಾಗಿಲಲ್ಲಿ ನಿಂತು ಕರೆಯುವ ದನಿಯಲ್ಲಿ ಮೆಲ್ಲಗೆ ಹೇಳಿದಳು:

"ನೀನೂ ಬಾರಪ್ಪ. ಎಷ್ಟು ಅಂತ ಓಡ್ತೀಯ."