ಇವತ್ತು ಬಂದಷ್ಟು ಬಿಸಿಲು

ತೊಟ್ಟಿಯ ನೀರಿನಿಂದ ಯೊರುನ್ ಎತ್ತಿದ ಕೊನೆಯ ಹಾಳೆಯೂ ಬೆಳ್ಳಗೇ ಬಂತು. ಬಿಸಿಲು ತಾಕಿದ ಕಡೆ ಕಡುನೀಲಿಯಾಗಿ, ಗರಿಯೋ ಕಡ್ಡಿಯೋ ಇಟ್ಟ ಕಡೆ ಅದರ ಬಿಳಿ ಅಚ್ಚು ಮೂಡಬೇಕಿದ್ದ, ರಾಸಾಯನಿಕ ಸವರಿದ ಹಾಳೆ. ಎರಡು ತಿಂಗಳ ಕತ್ತಲು ಕಳೆದು ಸೂರ್ಯ ಗುಡ್ಡದಾಚೆಯಿಂದ ಮೊದಲ ಸಲ ಇಣುಕುವ ಹಬ್ಬದ ದಿನವೇ ತಾನು ನಡೆಸುವ ಚಿತ್ರಕಲೆಯ ಕ್ಲಬ್ಬಿನ ಮಕ್ಕಳಿಂದ ಬಿಸಿಲಿನ ಚಿತ್ರ ಮಾಡಿಸಲು ಹೊರಟಿದ್ದಳು. ಉತ್ತರ ನಾರ್ವೆಯ ಈ ಊರಲ್ಲೇ ಹುಟ್ಟಿ ಬೆಳೆದವಳು, ಆ ಇಣುಕು ಕೆಲವೇ ನಿಮಿಷದ್ದೆಂಬುದನ್ನೇ ಮರೆತಿದ್ದಳು.

"ಸೂರ್ಯ ಬಂದ, ಬನ್ನು ತಿಂದ, ಹೋದ!" ಎಂದ ಅವರಲ್ಲೊಬ್ಬ ಹುಡುಗ ಸಿವೆರ್ಟ್, ಮೂತಿಗೆಲ್ಲ ಹಬ್ಬದ ಬನ್ನಿನ ಸಕ್ಕರೆ ಮೆತ್ತಿಕೊಂಡು. ಮಕ್ಕಳೆಲ್ಲ ನಕ್ಕರು. ಯೊರುನ್‌ಗೆ ಗದರುವುದಕ್ಕೂ ತ್ರಾಣವಿರಲಿಲ್ಲ. ಈ ಚಳಿಗಾಲಕ್ಕೆ ಕ್ಲಬ್ಬಿನ ಸಹವಾಸ ಸಾಕು ಎಂದುಕೊಂಡು, ಒದ್ದೆ ಹಾಳೆಗಳನ್ನು ಬಾಚಿ ಕಸದ ಬುಟ್ಟಿಯತ್ತ ನಡೆದಳು.

"ಯೊರುನ್, ನಂದನ್ನ ಎಸೀಬೇಡ," ಎಂದು ಎರ್ಲೆ ಎಂಬ ಹುಡುಗಿ ಅಡ್ಡ ಬಂದಳು.

"ಅದರಲ್ಲೇನೂ ಇಲ್ಲ ಕಣೇ. ಕೆಟ್ಟೋಗಿದೆ."

"ಕೆಟ್ಟಿಲ್ಲ." ಎರ್ಲೆ ತನ್ನ ಹಾಳೆಯನ್ನು ಎಳೆದುಕೊಂಡು ದೀಪಕ್ಕೆ ಹಿಡಿದಳು. ಗಾಜಿನ ಮೇಲೆ ಬಿಟ್ಟ ಉಸಿರಿನಷ್ಟು ತೆಳು ನೀಲಿ. ನಡುವೆ ಕಡಲಹಕ್ಕಿಯ ಗರಿಯೊಂದು, ಇದೆಯೋ ಇಲ್ಲವೋ ಎಂಬಂತೆ. "ಇವತ್ತು ಬಿಸಿಲು ಬಂದಿದ್ದೇ ಇಷ್ಟು. ನಾಳೆ ಇನ್ನೊಂಚೂರು ಜಾಸ್ತಿ ಬರುತ್ತಲ್ಲ, ಅದನ್ನ ಇದರ ಪಕ್ಕ ಹಾಕೋಣ."

ಬುಟ್ಟಿಯ ಮೇಲೆ ಚಾಚಿದ್ದ ಕೈಯನ್ನು ಯೊರುನ್ ಹಿಂದಕ್ಕೆ ತೆಗೆದುಕೊಂಡಳು.

"ಸಿವೆರ್ಟ್, ಕೈ ಒರೆಸ್ಕೊಂಡು ಬಾರೋ," ಎಂದಳು. "ಒಣಹಾಕೋಕೆ ಹಗ್ಗ ಕಟ್ಟು. ಉದ್ದಕ್ಕೆ ಕಟ್ಟು, ನಾಳೇದಕ್ಕೂ ಜಾಗ ಬೇಕು."