ಟಾರು ಬಿಟ್ಟಿಳಿಯದ ಜೀಪು

"ಸುಳ್ಳು!" ಎಂದ ಕ್ಯಾಪ್ಟನ್.

ಜೀಪಿನ ಅಡಿಯಿಂದ ಮೆಕ್ಯಾನಿಕ್ ತೆವಳಿಕೊಂಡು ಹೊರಬಂದ. ಅಂಗೈಯಲ್ಲಿ, ಗಾಡಿಯ ಕೀಲುಗಳ ನಡುವೆ ಮೆತ್ತೆಯಂತೆ ಕೂರಿಸುವ ಒಂದು ರಬ್ಬರ್ ಬುಷ್ ಇತ್ತು. ಹರಿದು ಚಿಂದಿಯಾಗಿತ್ತು. ಬಿರುಕುಗಳಲ್ಲಿ ಕೆಂಪು ಮಣ್ಣು ಮೆತ್ತಿಕೊಂಡಿತ್ತು.

"ಎಲ್ಲಾ ಬುಷ್ಷೂ ಹೋಗಿದೆ ಸಾರ್. ನಾಲ್ಕೂ ಶಾಕ್ ಅಬ್ಸಾರ್ಬರ್ ಸೋರ್ತಿವೆ. ಬಂಡೆ ಮೇಲೆ ಹತ್ತಿಸಿ ಇಳಿಸಿರೋ ಗಾಡಿ ಇದು. ಆದ್ರೆ ಒಂದು ಮಾತು, ಓಡಿಸಿದೋರಿಗೆ ಕೈ ಚೆನ್ನಾಗಿ ಕುದುರಿದೆ."

ಕ್ಯಾಪ್ಟನ್‌ಗೆ ಮೈಯೆಲ್ಲ ಉರಿಯಿತು. ಕೊನೆಯ ಮಾತು ಮಾತ್ರ ತುಸು ಹಿತವೆನಿಸಿತು. ಬಂಡೆಯಂತೆ ಬಂಡೆ! ಆ ಜೀಪು ಟಾರು ರಸ್ತೆ ಬಿಟ್ಟು ಒಂದು ಗೇಣೂ ಇಳಿದಿರಲಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಇಷ್ಟು ದಿನ ಕೊಚ್ಚಿಕೊಂಡದ್ದೆಲ್ಲ ನೀರುಪಾಲಾಗುತ್ತಿತ್ತು.

"ಒಂದೇ ವರ್ಷಕ್ಕೆ ಮೀಟರ್ ಒಂಬತ್ತು ಸಾವಿರ ತೋರಿಸ್ತಿದೆಯಲ್ಲ ಸಾರ್?"

"ದೊಡ್ಡ ಟೈರು ಹಾಕಿದ್ರೆ ಮೀಟರ್ ತಪ್ಪು ತೋರಿಸುತ್ತೆ. ಇಷ್ಟೂ ಗೊತ್ತಿಲ್ವಾ? ಆ ಸೀಟಿನ ಲಾಕ್ ನೋಡಿ ಮೊದಲು. ತಾನಾಗೇ ಮುಂದಕ್ಕೆ ಬರುತ್ತೆ."

ಮೆಕ್ಯಾನಿಕ್ ಸೀಟು ಅಲ್ಲಾಡಿಸಿ ನೋಡಿದ. "ಲಾಕ್ ಗಟ್ಟಿಯಾಗೇ ಇದೆ ಸಾರ್."

ಕ್ಯಾಪ್ಟನ್ ಯಾವ ಸೈನ್ಯದಲ್ಲೂ ಇದ್ದವನಲ್ಲ. ವಿಮಾ ಕಚೇರಿಯಲ್ಲಿ ಗುಮಾಸ್ತ. ವರ್ಷದ ಹಿಂದೆ ಜೀಪನ್ನು ನಾಲ್ಕು ಇಂಚು ಎತ್ತರಿಸಿ, ನೆತ್ತಿಗೆ ಆರು ದೀಪ ಹಾಕಿಸಿ, ಹಿಂದುಗಡೆ "ದಾರಿ ಇಲ್ಲದಲ್ಲಿ ನಾನೇ ದಾರಿ" ಎಂದು ಬರೆಸಿದ ದಿನ ಆ ಹೆಸರನ್ನು ತನಗೆ ತಾನೇ ಇಟ್ಟುಕೊಂಡ. ಕಚೇರಿಯಲ್ಲಿ ಊಟದ ಹೊತ್ತಿಗೆ ಹೊಳೆ ದಾಟಿದ ಕಥೆ ಹೇಳುತ್ತಿದ್ದ. ಎತ್ತರಿಸಿದ ಜೀಪು ಕಚೇರಿಯ ನೆಲಮಾಳಿಗೆಯ ಪಾರ್ಕಿಂಗಿಗೆ ತೂರುತ್ತಿರಲಿಲ್ಲವಾದ್ದರಿಂದ ಸೋಮವಾರದಿಂದ ಶನಿವಾರದವರೆಗೆ ಬಸ್ಸಿನಲ್ಲೇ ಓಡಾಡುತ್ತಿದ್ದ. ಭಾನುವಾರ ಮಾತ್ರ ಜೀಪು, ಅದೂ ತರಕಾರಿ ಅಂಗಡಿಯವರೆಗೆ.

ಮನೆಯಲ್ಲಿ ಇಬ್ಬರೇ, ಅವನು ಮತ್ತು ಅವನ ತಾಯಿ. ತಾಯಿಗೆ ಅರವತ್ತೇಳು ವರ್ಷ, ಮೊಣಕಾಲು ನೋವು ಬೇರೆ. ಭಾನುವಾರ ಜೀಪು ಹತ್ತುವಾಗ ಮಗ ಸ್ಟೂಲು ಇಟ್ಟು ಕೈ ಹಿಡಿಯಬೇಕಿತ್ತು. ಆದರೂ ಜೀಪೆಂದರೆ ಅವಳಿಗೆ ಪ್ರಾಣ. ವಾರದಲ್ಲಿ ಮೂರು ನಾಲ್ಕು ಸಲ ತಾನೇ ಪೈಪು ಹಿಡಿದು ತೊಳೆಯುತ್ತಿದ್ದಳು. ಜೀಪಿನ ಮೈಲೇಜಿನ ಬಗ್ಗೆಯೂ ಕ್ಯಾಪ್ಟನ್‌ಗೆ ಬಹಳ ಹೆಮ್ಮೆಯಿತ್ತು. ವರ್ಷಕ್ಕೆಲ್ಲ ಅವನು ಡೀಸೆಲ್ ಹಾಕಿಸಿದ್ದು ಎರಡೇ ಸಲ, ಮುಳ್ಳು ಮಾತ್ರ ಕೆಳಗಿಳಿದದ್ದಿಲ್ಲ.

ಇನ್ನೂ ಎರಡು ಗ್ಯಾರೇಜಿಗೆ ಹೋದ. ಅಲ್ಲೂ ಅದೇ ಮಾತು. ಎಲ್ಲ ಕಳ್ಳರೂ ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎಂದು ತೀರ್ಮಾನಿಸಿದ. ಗುಜರಿ ಅಂಗಡಿಗಳ ಸಾಲಿನಲ್ಲಿ ಇಡೀ ದಿನ ಚೌಕಾಸಿ ಮಾಡಿ, ಬಣ್ಣ ಬಳಿದ ಹಳೆಯ ಶಾಕ್ ಅಬ್ಸಾರ್ಬರುಗಳನ್ನೂ ಒಂದು ಚೀಲ ನಕಲಿ ಬುಷ್ಷುಗಳನ್ನೂ ಹೊತ್ತು ತಂದ.

ತಾಯಿ ಕನ್ನಡಕ ಏರಿಸಿದಳು. ಒಂದು ಬುಷ್ ತೆಗೆದುಕೊಂಡು ಉಗುರಿನಿಂದ ಒತ್ತಿದಳು. ಪುಡಿ ಉದುರಿತು.

"ಇದನ್ನ ಹಾಕಿಸ್ತೀಯೇನೋ? ಇಳಿಜಾರಲ್ಲಿ ಗಾಡಿ ಮಗುಚಿಕೊಳ್ಳುತ್ತೆ. ಜೀವದ ಪ್ರಶ್ನೆ ಕಣೋ."

"ತರಕಾರಿ ಅಂಗಡಿಗೆ ಹೋಗೋಕೆ ಯಾವ ಇಳಿಜಾರಮ್ಮ?"

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು. ತಾಯಿ ಕರುಳು, ಹೆದರುತ್ತಿದೆ ಎಂದುಕೊಂಡ ಕ್ಯಾಪ್ಟನ್.

"ಹಾಗಾದ್ರೆ ಮಾರಿಬಿಡ್ತೀನಿ ಬಿಡು. ಹೊಸದು ಹಾಕ್ಸೋದು ನನ್ನ ಕೈಲಾಗಲ್ಲ. ಭಾನುವಾರ ಒಬ್ಬ ನೋಡೋಕೆ ಬರ್ತಾನೆ."

ಬುಷ್ ಅವಳ ಕೈಯಿಂದ ಜಾರಿ ಮೂಲೆಗೆ ಉರುಳಿತು. ಹಲ್ಲು ಕೀಳಿಸಿದಾಗಲೂ ಅಳದವಳ ಕಣ್ಣಲ್ಲಿ ನೀರು ತುಂಬಿದ್ದು ಕಂಡು ಮಗನಿಗೆ ಗಾಬರಿಯಾಯಿತು.

"ಮಾರಬೇಡ್ವೋ. ನಿನ್ನ ದಮ್ಮಯ್ಯ. ಭಾನುವಾರದವರೆಗೆ ತಡಿ. ನನ್ನ ವ್ಯಾಯಾಮದವರ ಹತ್ರ ಕೇಳಿ ನೋಡ್ತೀನಿ. ಅಗ್ಗಕ್ಕೆ ಸಿಕ್ಕರೂ ಸಿಗಬಹುದು."

ಮೊಣಕಾಲಿಗೆಂದು ಅವಳು ವಾರಕ್ಕೆ ಮೂರು ದಿನ ವ್ಯಾಯಾಮಕ್ಕೆ ಹೋಗುತ್ತಿದ್ದಳು. ಎಲ್ಲಿಯ ಮುದುಕಿಯರು, ಎಲ್ಲಿಯ ಶಾಕ್ ಅಬ್ಸಾರ್ಬರು! ಕ್ಯಾಪ್ಟನ್ ಮನಸ್ಸಿನಲ್ಲೇ ನಕ್ಕ. ಮುದುಕಿಯ ಮನಸ್ಸು ನೋಯಿಸುವುದೇಕೆಂದು ಒಪ್ಪಿಕೊಂಡ.

ಶನಿವಾರ ಸಂಜೆ ಅವನು ಬಸ್ಸಿಳಿದು ಬಂದಾಗ ಅಂಗಳ ಒದ್ದೆಯಾಗಿತ್ತು. ಜೀಪು ಫಳಫಳ ಹೊಳೆಯುತ್ತಿತ್ತು. ತಾಯಿಯ ಮೊಣಕೈಗೆ ಪಟ್ಟಿ ಸುತ್ತಿತ್ತು.

"ಇವತ್ತು ವ್ಯಾಯಾಮ ಸ್ವಲ್ಪ ಜೋರಾಯ್ತು," ಎಂದಳು. ಮುಖ ಮಾತ್ರ ಅರಳಿತ್ತು.

ಹಜಾರದಲ್ಲಿ ಆರು ಪೆಟ್ಟಿಗೆಗಳಿದ್ದವು. ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಬುಷ್ಷು, ಎಲ್ಲ ಹೊಚ್ಚ ಹೊಸದು, ಎಲ್ಲ ಅಸಲಿ. ಕ್ಯಾಪ್ಟನ್ ಒಂದೊಂದನ್ನೂ ಮುಟ್ಟಿ ನೋಡಿದ.

"ಎಷ್ಟಾಯ್ತಮ್ಮ?"

"ದುಡ್ಡು ತಗೊಳ್ಳಲಿಲ್ಲ ಕಣೋ. ನಮ್ಮ ಗಾಡಿ ನೋಡಿ ಕೊಟ್ರು."

ಕ್ಯಾಪ್ಟನ್ ಉಬ್ಬಿಹೋದ. ಜೀಪಿನ ಹೆಸರು ಮುದುಕಿಯರವರೆಗೂ ಮುಟ್ಟಿತ್ತು! ನೋಡಲು ಬರಬೇಕಿದ್ದವನಿಗೆ ಆಗಲೇ ಫೋನ್ ಮಾಡಿ, ಜೀಪು ಮಾರುವುದಿಲ್ಲ ಎಂದ. ತಾಯಿ ಹಗುರಾಗಿ ಉಸಿರು ಬಿಟ್ಟಳು. ಆ ರಾತ್ರಿ ಇಬ್ಬರೂ ಎರಡೆರಡು ಸಲ ಬಡಿಸಿಕೊಂಡು ಉಂಡರು.

ಬೆಳಿಗ್ಗೆ ಮೊದಲಿನ ಗ್ಯಾರೇಜಿನಲ್ಲೇ ಪೆಟ್ಟಿಗೆಗಳನ್ನು ಸಾಲಾಗಿ ಇಳಿಸಿದ. "ಕಂಪನಿಯವರೇ ಕಳಿಸಿದ್ದು. ನಾನು ಓಡಿಸೋ ರೀತಿ ನೋಡಿ," ಎಂದ.

ಮೆಕ್ಯಾನಿಕ್ ಕೊನೆಯ ಪೆಟ್ಟಿಗೆ ಬಿಚ್ಚಿದ. ತಳದಲ್ಲಿ ಒಂದು ಫೋಟೋ ಇತ್ತು. ಅದನ್ನು ನೋಡಿದ, ಕ್ಯಾಪ್ಟನ್‌ನನ್ನು ನೋಡಿದ, ಮತ್ತೆ ಫೋಟೋ ನೋಡಿದ. ಆಮೇಲೆ ಕೈಗಳನ್ನು ಬಟ್ಟೆಗೆ ಒರೆಸಿಕೊಂಡು, ಬಹಳ ಗೌರವದಿಂದ ಕೇಳಿದ: "ಅಮ್ಮ ಬಂದಿಲ್ವಾ ಸಾರ್?"

ಫೋಟೋದಲ್ಲಿ, ಒಂದು ಚಕ್ರವನ್ನು ಗಾಳಿಗೆತ್ತಿ ಬಂಡೆಯ ನೆತ್ತಿಯ ಮೇಲೆ ನಿಂತಿದ್ದ ಕೆಂಪು ಮಣ್ಣು ಮೆತ್ತಿದ ಜೀಪಿನೊಳಗೆ, ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡು ಸ್ಟೀರಿಂಗ್ ಹಿಡಿದು ನಗುತ್ತಿದ್ದಳು ಅವನ ತಾಯಿ; ಅಡಿಯಲ್ಲಿ ಅಚ್ಚಾಗಿತ್ತು: "ಮಾಸಿಕ ಬಂಡೆ ಓಟದ ಸ್ಪರ್ಧೆ, ಪ್ರಥಮ ಬಹುಮಾನ, ಸತತ ಮೂರನೆಯ ಬಾರಿ."